ತುಕ್ಕು ಹಿಡಿದ ಬ್ರೇಕು ನಳಿಗೆಯ ನಟ್ಟು

ಚಾಲಕನು ಬ್ರೇಕಿನ ಪೆಡಲನ್ನು ತುಳಿದಾಗ ಆ ಒತ್ತಡವನ್ನು ಕಾರಿನ ಚಕ್ರಗಳಿಗೆ ಒಯ್ಯುವುದು ಸಣ್ಣ ಉಕ್ಕಿನ ನಳಿಗೆಯಲ್ಲಿರುವ ದ್ರವ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲನ (1623–1662) ನಿಯಮವೇ ಇದಕ್ಕೆ ಆಧಾರ. ನಳಿಗೆಯ ತುದಿಗಳನ್ನು ಟೊಳ್ಳಾದ ನಟ್ಟುಗಳು ಬಿಗಿಹಿಡಿದಿರುತ್ತವೆ. ತುಕ್ಕಿನಿಂದ ಕಚ್ಚಿಕೊಂಡ ಇಂಥ ನಟ್ಟನ್ನು ಬಿಚ್ಚಲು ತೋಳ್ಬಲವೊಂದೇ ಸಾಕೆ?

ನಟ್ಟು ಕಚ್ಚಿಕೊಳ್ಳುವುದೇಕೆಂಬುದನ್ನು ಮೊದಲು ನೋಡೋಣ. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸಂಯೋಗಗೊಂಡು ತುಕ್ಕಾಗುತ್ತದೆ. ಹೀಗೆ ಹುಟ್ಟಿದ ತುಕ್ಕಿನ ಗಾತ್ರವು ಅದಕ್ಕೆ ವ್ಯಯವಾದ ಕಬ್ಬಿಣದ ಗಾತ್ರದ ಎರಡು ಪಟ್ಟಿಗಿಂತಲೂ ಹೆಚ್ಚು. ತಿರುಪಿನ ಎಳೆಗಳ ನಡುವಣ ಕಿರಿದಾದ ಎಡೆಯಲ್ಲಿ ಅದಕ್ಕೆ ಹಿಗ್ಗಲು ಸ್ಥಳವೆಲ್ಲಿ? ಆದ್ದರಿಂದ ಅದು ಬೆಣೆ ಬಡಿದಂತೆ ಎಳೆಗಳನ್ನು ಒತ್ತಿಹಿಡಿಯುತ್ತದೆ. ಉಪ್ಪು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಕಡಲಂಚಿನ ಊರುಗಳಲ್ಲಿಯೂ, ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಶೀತದೇಶಗಳಲ್ಲಿಯೂ ಕಾರುಗಳಿಗೆ ಬೇಗನೆ ತುಕ್ಕು ಹಿಡಿಯುವುದು ಇದರಿಂದಲೇ.

ಇನ್ನು ಉಪಾಯ. ತಂತಿಯ ಬ್ರಷ್ಷಿನಿಂದ ಹೊರಗಿನ ತುಕ್ಕನ್ನು ಉಜ್ಜಿ ತೆಗೆದು, ತೆಳುವಾದ ತುಕ್ಕುಬಿಡಿಸುವ ಎಣ್ಣೆಯನ್ನು ಹಾಕಿ ಕೆಲವು ಗಂಟೆ ಕಾಯಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಇಲ್ಲಿಯೂ ಅದು ಸೂಕ್ಷ್ಮವಾದ ಬಿರುಕುಗಳೊಳಗೆ ನುಸುಳುತ್ತದೆ.

ಬಾಯ್ತೆರೆದ ಸಾಮಾನ್ಯ ಸ್ಪ್ಯಾನರ್ ನಟ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುವುದರಿಂದ ಮೂಲೆಗಳು ಸವೆದು ಗುಂಡಗಾಗುತ್ತವೆ. ನಳಿಗೆ ತೂರುವಷ್ಟು ಸೀಳಿರುವ ರಿಂಗ್ ಸ್ಪ್ಯಾನರ್ ಬಹುತೇಕ ಎಲ್ಲ ಮುಖಗಳನ್ನೂ ಹಿಡಿದು ಬಲವನ್ನು ಹಂಚುತ್ತದೆ. ಮೊದಲು ತುಸು ಬಿಗಿಮಾಡಿ, ಅನಂತರ ಸಡಿಲಿಸಬೇಕು. ಹೀಗೆ ಹಿಂದುಮುಂದಾಗಿ ಅಲುಗಿಸಿದರೆ ತುಕ್ಕಿನ ಪದರ ಪುಡಿಯಾಗಿ ಎಣ್ಣೆಗೆ ದಾರಿಯಾಗುತ್ತದೆ.

ಕಾಯಿಸುವುದೂ ಒಂದು ವಿಧಾನ. ಉಷ್ಣತೆ 200 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ 10 ಮಿಲಿಮೀಟರ್ ಅಗಲದ ಉಕ್ಕಿನ ರಂಧ್ರ ಹಿಗ್ಗುವುದು ಸುಮಾರು 0.024 ಮಿಲಿಮೀಟರ್ ಮಾತ್ರ. ಆದರೂ ತುಕ್ಕಿನ ಹಿಡಿತ ಮುರಿಯಲು ಅದು ಸಾಕಾಗಬಹುದು. ಆದರೆ ಬ್ರೇಕಿನ ದ್ರವ ಹೊತ್ತಿಕೊಳ್ಳುವ ವಸ್ತು. ರಬ್ಬರಿನ ಕೊಳವೆ ಸುಟ್ಟುಹೋಗುತ್ತದೆ. ಕ್ಲೋರಿನ್ ಇರುವ ಶುಚಿಕಾರಕ ದ್ರವಗಳು ಬೆಂಕಿ ತಗುಲಿದಾಗ ಫಾಸ್ಜೀನ್ ಎಂಬ ವಿಷಾನಿಲವನ್ನು ಬಿಡಬಲ್ಲವು. ಆದುದರಿಂದ ಈ ಕೆಲಸ ಅನುಭವಿಗಳಿಗೇ ಇರಲಿ.

ನಟ್ಟಿನೊಡನೆ ನಳಿಗೆಯೂ ತಿರುಚಿಕೊಂಡರೆ ಅದನ್ನು ಉಳಿಸಲು ಹೆಣಗಬಾರದು. ಕತ್ತರಿಸಿ ಹೊಸದನ್ನು ಜೋಡಿಸುವುದೇ ವಿವೇಕ. ಕೊನೆಗೆ ನಳಿಗೆಯೊಳಗಿನ ಗಾಳಿಯನ್ನೆಲ್ಲ ಹೊರಹಾಕಬೇಕು. ದ್ರವವು ಒತ್ತಡಕ್ಕೆ ಕುಗ್ಗದು, ಗಾಳಿಯಾದರೋ ಕುಗ್ಗುತ್ತದೆ. ಒಳಗುಳಿದ ಒಂದು ಗುಳ್ಳೆಯೂ ಪೆಡಲಿನ ಬಲವನ್ನು ನುಂಗಬಲ್ಲದು. ಸೋರಿಕೆಯಿಲ್ಲವೆಂದೂ ಪೆಡಲು ಗಟ್ಟಿಯಾಗಿದೆಯೆಂದೂ ಖಚಿತವಾಗುವವರೆಗೆ ಕಾರು ರಸ್ತೆಗಿಳಿಯಬಾರದು.