ಕೋಟಿ ಸಾಲುಗಳಲ್ಲಿ ಒಂದು ರಾತ್ರಿಯ ಮಳೆ

2024ನೆಯ ಇಸವಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಕೆಳಗಡೆ ಸಿರುಗುಪ್ಪದ ನದೀತೀರದವರಿಗೆ ಅಂಥ ಹೊತ್ತಿನಲ್ಲಿ ಒಂದೊಂದು ಗಳಿಗೆಯೂ ಅಮೂಲ್ಯ. ಬಳ್ಳಾರಿಯಲ್ಲಿ ಕುಳಿತ ಅಧಿಕಾರಿಯೊಬ್ಬರು, "ಇದರ ಮೇಲೆ ಸಿರುಗುಪ್ಪ, ಕುರುಗೋಡುಗಳಲ್ಲಿ ಮಳೆಯೂ ಸುರಿಯುತ್ತಿದೆಯೇ?" ಎಂದು ಗಣಕಯಂತ್ರವನ್ನು ಕೇಳಿದರೆಂದು ಭಾವಿಸೋಣ. ಉತ್ತರ ಎಷ್ಟು ಬೇಗ ಬಂದೀತು?

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ವರದಿ ಕಳುಹಿಸುತ್ತವೆ. ಹೀಗೆ ಸಾಲುಸಾಲಾಗಿ ಬೆಳೆಯುವ ದಾಖಲೆಗೆ 'ಲಾಗ್' ಎಂದು ಹೆಸರು. (ನಾವಿಕರು ಹಡಗಿನ ವೇಗವನ್ನಳೆಯಲು ನೀರಿಗೆಸೆಯುತ್ತಿದ್ದ ಮರದ ತುಂಡಿನಿಂದ ಬಂದ ಮಾತಿದು.) ಲೆಕ್ಕಕ್ಕೆ 6,000 ಮಾಪಕಗಳೆಂದು ಇಟ್ಟುಕೊಂಡರೆ, ದಿನಕ್ಕೆ 5,76,000 ಸಾಲುಗಳು, ವರ್ಷಕ್ಕೆ 21 ಕೋಟಿಗೂ ಹೆಚ್ಚು.

"25 ಮಿಲಿಮೀಟರಿಗಿಂತ ಹೆಚ್ಚು ಮಳೆ ಎಲ್ಲಿ?" ಎಂದು ಮೊದಲು ಕೇಳಿದರೆ ಯಂತ್ರವು 21 ಕೋಟಿಯನ್ನೂ ಓದಬೇಕಾಗುತ್ತದೆ. ಬದಲಿಗೆ ದಿನಾಂಕವನ್ನು ಮೊದಲು ಹೇಳಿದರೋ? ಸಾಲುಗಳು ಕಾಲಕ್ರಮದಲ್ಲಿಯೇ ಸೇರಿರುವುದರಿಂದ, ನಡುವಣ ಸಾಲನ್ನು ನೋಡಿ ಬೇಡದ ಅರ್ಧವನ್ನು ತಳ್ಳಿಹಾಕಬಹುದು. ಉಳಿದ ಅರ್ಧದಲ್ಲಿಯೂ ಹಾಗೆಯೇ. ಹೆಚ್ಚೆಂದರೆ 28 ಸಲ ಹೀಗೆ ಮಾಡುವಷ್ಟರಲ್ಲಿ ಆ ದಿನದ ಮೊದಲ ಸಾಲು ಸಿಕ್ಕಿಬಿಡುತ್ತದೆ! ಅನಂತರ ಸ್ಥಳ. ಯಾವ ಊರಿನ ವರದಿ ಯಾವ ಸಾಲುಗಳಲ್ಲಿದೆಯೆಂಬ ಸೂಚಿಯಿದ್ದರೆ, ಎರಡು ಮಾಪಕಗಳ 192 ಸಾಲುಗಳಷ್ಟೇ ಉಳಿಯುತ್ತವೆ.

ಸೂಚಿಯಿದ್ದೂ ಕೆಡುವುದುಂಟು. ನಿಘಂಟಿನಲ್ಲಿ 'ಸಿರು' ಎಂದು ಆರಂಭವಾಗುವ ಪದಗಳು ಒಂದೇ ಕಡೆ ದೊರೆಯುತ್ತವೆ. 'ಗುಪ್ಪ' ಎಂದು ಮುಗಿಯುವ ಪದಗಳು ಬೇಕೆಂದರೆ ಪುಟಪುಟವನ್ನೂ ತಿರುವಬೇಕು. ಊರ ಹೆಸರಿನ ಕೊನೆಯನ್ನಷ್ಟೇ ಕೊಟ್ಟು ಹುಡುಕೆಂದಾಗ ಯಂತ್ರದ ಪಾಡೂ ಇದೇ. ಕಾಗುಣಿತ ಬೇರೆಯಾದರೆ ಇನ್ನೂ ಕಷ್ಟ: ಸಿರುಗುಪ್ಪ ಒಬ್ಬರಿಗೆ ಸಿರಗುಪ್ಪ, ಆಂಗ್ಲ ಬರಹದ 'ಬೆಲ್ಲಾರಿ' 2014ರ ನವೆಂಬರಿನಲ್ಲಿ ಅಧಿಕೃತವಾಗಿ 'ಬಳ್ಳಾರಿ' ಆಯಿತು. ಒಂದೇ ರೂಪವನ್ನು ಹುಡುಕಿದವನಿಗೆ ಅರ್ಧ ದಾಖಲೆ ಕಾಣುವುದೇ ಇಲ್ಲ. ನಿಧಾನವಾದ ಉತ್ತರಕ್ಕಿಂತ ಇದು ಹೆಚ್ಚು ಅಪಾಯಕರವೆಂದು ನಮ್ಮ ಭಾವನೆ. ಆದುದರಿಂದ ಸಾಲು ಬರೆಯುವಾಗಲೇ ಪ್ರತಿ ಮಾಪಕಕ್ಕೂ ಬದಲಾಗದ ಒಂದು ಸಂಖ್ಯೆಯನ್ನು ಕೊಡುವುದು ಲೇಸು.

ಹಾಗಾದರೆ ಮಳೆಯ ಪ್ರಮಾಣಕ್ಕೂ ಸೂಚಿಯೇಕಿರಬಾರದು? ಇರಬಹುದು. ಆದರೆ ಹದಿನೈದು ನಿಮಿಷಕ್ಕೊಮ್ಮೆ ಬರುವ 6,000 ಸಾಲುಗಳನ್ನು ಆ ಸೂಚಿಯಲ್ಲಿಯೂ ನಮೂದಿಸಬೇಕು. ಜಾಗವೂ ಶ್ರಮವೂ ಹೆಚ್ಚುತ್ತವೆ. ಉಳಿದದ್ದು 192 ಸಾಲುಗಳಾದರೆ ಅವನ್ನು ಯಂತ್ರವು ಒಂದೊಂದಾಗಿ ಓದಿದರೂ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯದು.