ಆರನೆಯ ವರ್ಷದ ಹಲ್ಲು

ಮಗುವನ್ನು ಒಂದನೆಯ ತರಗತಿಗೆ ಸೇರಿಸುವ ಕಾಲ ಬಂದಿತೆಂದರೆ ಮಂಗಳೂರಿನ ಮನೆಗಳಲ್ಲಿ ಸಿದ್ಧತೆಗೆ ಕೊರತೆಯಿರುವುದಿಲ್ಲ. ಜನನಪತ್ರವನ್ನು ಹುಡುಕಿ ತೆಗೆಯುತ್ತಾರೆ, ಸಮವಸ್ತ್ರವನ್ನು ಹೊಲಿಸುತ್ತಾರೆ, ಮಳೆಗಾಲದೊಡನೆಯೇ ಶಾಲೆಯೂ ತೊಡಗುವ ಊರಾದುದರಿಂದ ಕೊಡೆಯನ್ನೋ ಮಳೆಯಂಗಿಯನ್ನೋ ಕೊಳ್ಳುತ್ತಾರೆ. ಚುಚ್ಚುಮದ್ದಿನ ಚೀಟಿಯನ್ನೂ ಒಮ್ಮೆ ತಿರುವಿ ನೋಡುವುದುಂಟು. ಆದರೆ ಆ ಮಗುವಿನ ಬಾಯನ್ನು ತೆರೆಯಿಸಿ, ಹಲ್ಲುಗಳ ಸ್ಥಿತಿ ಹೇಗಿದೆಯೆಂದು ಬಲ್ಲವರಿಂದ ಪರೀಕ್ಷೆ ಮಾಡಿಸುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ನೋಯದ ಹಲ್ಲನ್ನು ವೈದ್ಯನಿಗೆ ತೋರಿಸುವುದೇಕೆ? ಅದರಲ್ಲಿಯೂ ನಾಳೆ ಬಿದ್ದುಹೋಗುವ ಹಾಲುಹಲ್ಲನ್ನು? ಪ್ರಶ್ನೆ ಸಹಜವಾದುದೇ. ಇದಕ್ಕೆ ಉತ್ತರ ಬೇಕಾದರೆ ಆರು ವರ್ಷದ ಮಗುವಿನ ದವಡೆಯೊಳಗೆ ಏನು ನಡೆಯುತ್ತಿದೆಯೆಂಬುದನ್ನು ಅರಿಯಬೇಕು.

ಹಾಲುಹಲ್ಲುಗಳು ಒಟ್ಟು 20. ಮಗುವಿಗೆ ಸುಮಾರು ಆರು ತಿಂಗಳಾದಾಗ ಇವು ಮೂಡತೊಡಗಿ, ಎರಡೂವರೆ ಮೂರು ವರ್ಷಗಳಷ್ಟರಲ್ಲಿ ಪೂರ್ಣವಾಗುತ್ತವೆ. ಪ್ರತಿಯೊಂದು ದವಡೆಯ ನಟ್ಟನಡುವಿನಿಂದ ಬಲಕ್ಕೆ ಐದು, ಎಡಕ್ಕೆ ಐದು. ಆರನೆಯ ವರ್ಷದ ಸುಮಾರಿಗೆ ಮುಂದಿನ ಬಾಚಿಹಲ್ಲುಗಳು ಅಲುಗಾಡಿ ಬೀಳುವುದು ಎಲ್ಲರಿಗೂ ತಿಳಿದ ಸಂಗತಿ. ಬಿದ್ದ ಹಲ್ಲನ್ನು ಸೆಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಸಂಭ್ರಮವೂ ನಮ್ಮಲ್ಲಿದೆ. ಆದರೆ ಅದೇ ಕಾಲಕ್ಕೆ, ಬಾಯಿಯ ಹಿಂಬದಿಯಲ್ಲಿ, ಯಾವ ಹಲ್ಲೂ ಬೀಳದೆ, ಯಾರ ಗಮನಕ್ಕೂ ಬಾರದೆ, ನಾಲ್ಕು ದೊಡ್ಡ ದವಡೆಹಲ್ಲುಗಳು ಒಸಡನ್ನು ಸೀಳಿ ಮೇಲೇಳುತ್ತವೆ. ಇವು ಹಾಲುಹಲ್ಲುಗಳಲ್ಲ. ಇವುಗಳ ಬದಲಿಗೆ ಮುಂದೆ ಬೇರೊಂದು ಹಲ್ಲು ಬರುವುದೂ ಇಲ್ಲ. ಮಗು ಅಜ್ಜನಾಗುವವರೆಗೆ ಅಗಿಯಬೇಕಾದ ಹಲ್ಲುಗಳು ಇವೇ.

ತಾಯ್ತಂದೆಯರು ಎಡವುವುದು ಇಲ್ಲಿಯೇ. ಹಾಲುಹಲ್ಲು ಬಿದ್ದು ಅದರ ಸ್ಥಾನದಲ್ಲಿ ಬಂದುದು ಮಾತ್ರ ಶಾಶ್ವತದಂತ ಎಂಬ ತಿಳಿವಳಿಕೆಯಿಂದ, ಹೊಸದಾಗಿ ಬಂದ ಈ ಹಲ್ಲನ್ನೂ ಹಾಲುಹಲ್ಲುಗಳ ಸಾಲಿಗೇ ಸೇರಿಸಿಬಿಡುತ್ತಾರೆ. ಅದರ ಮೇಲೆ ಕಪ್ಪು ಗೆರೆ ಕಂಡರೂ ‘ಹೇಗೂ ಬೀಳುವುದು’ ಎಂದು ಸುಮ್ಮನಾಗುತ್ತಾರೆ. ಶಾಲೆಗೆ ಸೇರುವ ವಯಸ್ಸೂ ಈ ಹಲ್ಲು ಹುಟ್ಟುವ ವಯಸ್ಸೂ ಒಂದೇ ಆಗಿರುವುದು ಒಂದು ದೃಷ್ಟಿಯಿಂದ ನಮ್ಮ ಭಾಗ್ಯವೆನ್ನಬೇಕು. ಪರೀಕ್ಷೆಗೆ ಇದಕ್ಕಿಂತ ನೆನಪಿನಲ್ಲುಳಿಯುವ ಮುಹೂರ್ತ ಬೇರೊಂದಿಲ್ಲ.

ಹಲ್ಲು ಕೆಡುವ ಬಗೆಯನ್ನೂ ಇಲ್ಲಿ ತುಸು ವಿಚಾರಿಸೋಣ. ಕನ್ನಡದಲ್ಲಿ ನಾವು ‘ಹುಳುಕು’ ಎನ್ನುತ್ತೇವೆ. ಮಾತಿನಲ್ಲಿಯೇ ಹುಳು ಅಡಗಿದೆ. ಹಲ್ಲನ್ನು ಹುಳುವೊಂದು ಕೊರೆಯುತ್ತದೆಂಬ ನಂಬಿಕೆ ಪ್ರಾಚೀನ ಬ್ಯಾಬಿಲೋನಿನಲ್ಲಿಯೂ ಇದ್ದಿತು. ಫ್ರಾನ್ಸಿನ ಪಿಯೆರ್ ಫೊಷಾರ್ ಎಂಬ ದಂತವೈದ್ಯನು 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಅಲ್ಲಗಳೆದನು. ನಿಜವಾದ ಕಾರಣವನ್ನು ವಿವರಿಸಿದವನು ಬರ್ಲಿನ್ನಿನಲ್ಲಿ ಕೆಲಸಮಾಡುತ್ತಿದ್ದ ಅಮೆರಿಕದ ವಿಲ್ಲೋಬಿ ಮಿಲ್ಲರ್. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನೂ ಪಿಷ್ಟವನ್ನೂ ಹುಳಿಯಿಸಿ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲವೇ ಹಲ್ಲಿನ ಖನಿಜವನ್ನು ಕರಗಿಸುತ್ತದೆ ಎಂದು ಅವನು 1890ರಲ್ಲಿ ತೋರಿಸಿಕೊಟ್ಟನು. ಇವುಗಳಲ್ಲಿ ಪ್ರಮುಖವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದನ್ನು 1924ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಎಂಬವನು ಗುರುತಿಸಿದನು. ಕೊನೆಗೂ ನಮ್ಮ ಪೂರ್ವಿಕರ ಮಾತು ಪೂರ್ತಿ ಸುಳ್ಳಾಗಲಿಲ್ಲವೆನ್ನಿ. ಹುಳು ಮಾತ್ರ ಕಣ್ಣಿಗೆ ಕಾಣದಷ್ಟು ಚಿಕ್ಕದಾಯಿತು.

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲೆಲ್ಲ ಅತ್ಯಂತ ಗಡುಸಾದ ವಸ್ತು. ಅದರ ತೂಕದ ನೂರಕ್ಕೆ ಸುಮಾರು 96 ಪಾಲು ಖನಿಜ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಬಾಯಿಗೆ ಬರುವ ವೇಳೆಗೆ ನಾಶವಾಗಿರುವುದರಿಂದ, ಒಮ್ಮೆ ಗುಳಿಬಿದ್ದ ಎನಾಮಲ್ ಮರಳಿ ಬೆಳೆಯಲಾರದು. ಆಮ್ಲತೆಯನ್ನಳೆಯುವ ಪಿಎಚ್ ಮಾನದಲ್ಲಿ ಬಾಯಿಯ ಸಹಜಸ್ಥಿತಿ 7ರ ಆಸುಪಾಸು. ಹಲ್ಲಿನ ಮೇಲಣ ಲೋಳೆಪೊರೆಯಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗತೊಡಗುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹೀಗಾಗುತ್ತದೆ. ಆಮೇಲೆ ಜೊಲ್ಲು ಆಮ್ಲವನ್ನು ತೊಳೆದು, ತನ್ನಲ್ಲಿರುವ ಕ್ಯಾಲ್ಸಿಯಮ್ಮನ್ನೂ ಫಾಸ್ಫೇಟನ್ನೂ ಕೊಟ್ಟು ಕರಗಿದುದನ್ನು ತುಂಬುತ್ತದೆ. ಈ ರಿಪೇರಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದುದರಿಂದ ಎಷ್ಟು ತಿಂದೆವೆಂಬುದಕ್ಕಿಂತ ಎಷ್ಟು ಸಲ ತಿಂದೆವೆಂಬುದೇ ಮುಖ್ಯ. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1945ರ ಮೇಲೆ ಕೆಲವು ವರ್ಷಗಳ ಕಾಲ ನಡೆದ ಪ್ರಯೋಗದಲ್ಲಿ ಇದು ಸ್ಪಷ್ಟವಾಯಿತು: ಊಟದ ನಡುನಡುವೆ ಅಂಟುಮಿಠಾಯಿ ತಿಂದವರ ಹಲ್ಲುಗಳು ಅತಿ ಹೆಚ್ಚಾಗಿ ಕೆಟ್ಟವು. (ಆ ಪ್ರಯೋಗಕ್ಕೆ ಗುರಿಯಾದವರು ಸಮ್ಮತಿಯನ್ನೇ ಕೇಳದೆ ಬಳಸಿಕೊಂಡ ಬುದ್ಧಿಮಾಂದ್ಯ ರೋಗಿಗಳು; ಜ್ಞಾನ ನಮಗೆ ಉಳಿಯಿತು, ಕಳಂಕವೂ ಉಳಿಯಿತು.) ಈ ಲೆಕ್ಕದಲ್ಲಿ ನಮ್ಮ ಕರಾವಳಿಯ ಅತಿಥಿಸತ್ಕಾರದ ಬೆಲ್ಲದ ತುಂಡು, ಮೇಲೆ ಒಂದು ಲೋಟ ನೀರು, ಅಂಥ ಅಪಾಯಕಾರಿಯೇನೂ ಅಲ್ಲ. ಮಗುವಿನ ಕೈಗೆ ಬೆಳಗಿನಿಂದ ಸಂಜೆಯವರೆಗೆ ಒಂದೊಂದಾಗಿ ಬೀಳುವ ಬಿಸ್ಕತ್ತುಗಳೇ ಹೆಚ್ಚಿನ ಶತ್ರುಗಳು.

ಆರನೆಯ ವರ್ಷದ ದವಡೆಹಲ್ಲು ಈ ದಾಳಿಗೆ ಸುಲಭವಾಗಿ ತುತ್ತಾಗುವುದಕ್ಕೆ ಅದರ ರಚನೆಯೇ ಕಾರಣ. ಅದರ ಮೇಲ್ಮೈ ನಮ್ಮ ಪಶ್ಚಿಮಘಟ್ಟದ ಚಿಕ್ಕ ನಕ್ಷೆಯಂತಿದೆ: ಶಿಖರಗಳು, ನಡುವೆ ಆಳವಾದ ಇಕ್ಕಟ್ಟು ಕಣಿವೆಗಳು. ಹಲವು ಬಿರುಕುಗಳು ಎಷ್ಟು ಕಿರಿದೆಂದರೆ ಬ್ರಷ್ಷಿನ ಒಂದು ಎಳೆಯೂ ಒಳಗೆ ಇಳಿಯಲಾರದು; ಅನ್ನದ ಕಣವೂ ಸೂಕ್ಷ್ಮಜೀವಿಗಳೂ ಮಾತ್ರ ಸುಖವಾಗಿ ಇಳಿಯುತ್ತವೆ. ಮೇಲಾಗಿ, ಹಲ್ಲು ಒಸಡಿನಿಂದ ಇಣುಕಿದ ದಿನದಿಂದ ಎದುರಿನ ಹಲ್ಲನ್ನು ಮುಟ್ಟುವವರೆಗೆ ಹಲವು ತಿಂಗಳುಗಳೇ ಸಲ್ಲುತ್ತವೆ. ಅಷ್ಟೂ ಕಾಲ ಅದು ನೆರೆಯ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಉಜ್ಜುವ ಬ್ರಷ್ಷು ಅದರ ಮೇಲಿಂದ ಹಾರಿಹೋಗುತ್ತದೆ. ಹೊಸ ಎನಾಮಲ್ ಇನ್ನೂ ಪಕ್ವವಾಗಿರುವುದಿಲ್ಲ. ಏಳೆಂಟು ವರ್ಷಕ್ಕೇ ಈ ಹಲ್ಲುಗಳಲ್ಲಿ ಗುಳಿ ಕಾಣಿಸಿಕೊಳ್ಳುವುದು ಹೀಗೆ.

ಹಾಲುಹಲ್ಲುಗಳನ್ನು ಅಲಕ್ಷ್ಯಮಾಡಬಹುದೆಂದು ಇದರಿಂದ ಭಾವಿಸಬಾರದು. ಹಾಲುಹಲ್ಲಿನ ಎನಾಮಲ್ ಸುಮಾರು ಒಂದು ಮಿಲಿಮೀಟರು, ಶಾಶ್ವತ ದವಡೆಹಲ್ಲಿನದಕ್ಕೆ ಅರ್ಧವೂ ಅಲ್ಲ; ಕೊಳೆತ ಬೇಗನೆ ನರದವರೆಗೆ ಮುಟ್ಟುತ್ತದೆ. ನೋವಿನಿಂದ ರಾತ್ರಿ ನಿದ್ದೆಗೆಟ್ಟ ಮಗು ಹಗಲು ತರಗತಿಯಲ್ಲಿ ಅಕ್ಷರ ಕಲಿಯುವುದೆಂತು? ಇನ್ನೊಂದು ವಿಷಯ. ಹಿಂದಿನ ಹಾಲುದವಡೆಹಲ್ಲು ಹತ್ತು ಹನ್ನೆರಡನೆಯ ವರ್ಷದವರೆಗೆ ತನ್ನ ಜಾಗದಲ್ಲಿದ್ದು ಕಾವಲುಗಾರನ ಕೆಲಸ ಮಾಡುತ್ತದೆ. ಅದನ್ನು ಐದನೆಯ ವರ್ಷಕ್ಕೇ ಕಿತ್ತುಬಿಟ್ಟರೆ, ಹೊಸ ದವಡೆಹಲ್ಲು ಮುಂದಕ್ಕೆ ವಾಲಿ ತೆರಪನ್ನು ಆಕ್ರಮಿಸುತ್ತದೆ; ಕೆಳಗೆ ಕಾದಿರುವ ಹಲ್ಲಿಗೆ ಎಡೆಯಿಲ್ಲದೆ ಸಾಲು ವಕ್ರವಾಗುತ್ತದೆ.

ಪರೀಕ್ಷೆ ಎಂದರೆ ಮಗು ಹೆದರುವಂಥದೇನೂ ಅಲ್ಲ. ಒಂದು ದೀಪ, ಒಂದು ಪುಟ್ಟ ಕನ್ನಡಿ, ಗಾಳಿಯೂದುವ ಕೊಳವೆ. ಗಾಳಿಯಿಂದ ಒಣಗಿಸಿದಾಗ ಒಸಡಿನಂಚಿನಲ್ಲಿ ಸೀಮೆಸುಣ್ಣದ ಬಣ್ಣದ ಮಚ್ಚೆಗಳು ಕಾಣಬಹುದು; ಖನಿಜ ಕರಗತೊಡಗಿದುದರ ಮೊದಲ ಗುರುತು ಅದು. ಗುಳಿ ಇನ್ನೂ ಬಿದ್ದಿರುವುದಿಲ್ಲವಾದ್ದರಿಂದ ಆ ಹಂತದಲ್ಲಿ ಅದನ್ನು ಹಿಂದಿರುಗಿಸಲು ಸಾಧ್ಯ. ಸೋಡಿಯಂ ಫ್ಲೋರೈಡಿನ ನೂರಕ್ಕೆ 5ರ ವಾರ್ನಿಷನ್ನು ಕೆಲವು ತಿಂಗಳಿಗೊಮ್ಮೆ ಹಚ್ಚುತ್ತಾರೆ. ಆರೋಗ್ಯವಾಗಿರುವ ಹೊಸ ದವಡೆಹಲ್ಲಿನ ಬಿರುಕುಗಳನ್ನು ರಾಳದಂಥ ವಸ್ತುವಿನಿಂದ ಮುಚ್ಚಿಬಿಡುವುದೂ ಉಂಟು. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ಎಂಬ ವಿಜ್ಞಾನಿಯು ಎನಾಮಲ್ಲನ್ನು ಆಮ್ಲದಿಂದ ತುಸು ತರಿಯಾಗಿಸಿದರೆ ರಾಳ ಗಟ್ಟಿಯಾಗಿ ಅಂಟುವುದೆಂದು ಕಂಡುಕೊಂಡನು. ಹಲ್ಲನ್ನು ಕೆಡಿಸುವ ಆಮ್ಲವೇ ಅದನ್ನು ಕಾಯುವ ಉಪಾಯಕ್ಕೂ ಒದಗಿತು. ಇದಕ್ಕೆ ಕೊರೆಯುವುದು ಬೇಡ, ಸೂಜಿ ಬೇಡ. ಗುಳಿಬಿದ್ದ ಹಾಲುಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವಿದೆ. ಹಚ್ಚಿದ ಜಾಗ ಕಪ್ಪಾಗುವುದು ನಿಜ, ಆದರೆ ಕೊಳೆತ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇದನ್ನೂ ಫ್ಲೋರೈಡುಳ್ಳ ಟೂತ್‌ಪೇಸ್ಟನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಫ್ಲೋರೈಡಿನ ವಿಷಯದಲ್ಲಿ ನಮ್ಮ ರಾಜ್ಯವೇ ಒಂದು ಪಾಠಶಾಲೆ. ಪಾವಗಡ, ಮುಂಡರಗಿ, ಕೋಲಾರದ ಕಡೆಯ ಹಲವು ಕೊಳವೆಬಾವಿಗಳಲ್ಲಿ ಅದು ಮಿತಿಮೀರಿದ್ದು, ಮಕ್ಕಳ ಹಲ್ಲುಗಳು ಕಂದುಮಚ್ಚೆಗಳಿಂದ ವಿಕಾರವಾಗುತ್ತವೆ. ಮಂಗಳೂರಿಗಾದರೋ ತುಂಬೆಯ ಅಣೆಕಟ್ಟಿನಿಂದ ನೇತ್ರಾವತಿಯ ನೀರು ಬರುತ್ತದೆ. ಮಳೆಯಿಂದ ತುಂಬಿ ಹರಿಯುವ ಇಂಥ ಹೊಳೆಯ ನೀರಿನಲ್ಲಿ ಫ್ಲೋರೈಡು ಅತ್ಯಲ್ಪ. ಮಚ್ಚೆಗಳ ಭಯವಿಲ್ಲ, ರಕ್ಷಣೆಯೂ ಇಲ್ಲ. ಆ ಕೊರತೆಯನ್ನು ಟೂತ್‌ಪೇಸ್ಟೇ ತುಂಬಬೇಕು: ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಅಜ್ಜಿಯರು ಮೆಚ್ಚುವ ಉಮಿಕರಿಯಲ್ಲಿ ಈ ಗುಣವಿಲ್ಲ, ಎನಾಮಲ್ಲನ್ನು ಸವೆಸುವ ಗುಣ ಮಾತ್ರ ಇದೆ.

ಜಪಾನಿನಲ್ಲಿ ಶಾಲೆಗೆ ಸೇರುವ ಮುನ್ನ ನಡೆಸುವ ಆರೋಗ್ಯಪರೀಕ್ಷೆಯಲ್ಲಿ ಹಲ್ಲುಗಳೂ ಸೇರಿವೆ. ಇದಕ್ಕೆ 1958ರ ಕಾನೂನಿನ ಆಧಾರವಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2006ರಲ್ಲಿ ಇಂಥದೇ ಒಂದು ಶಾಸನವಾಯಿತು. ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹಲ್ಲಿನ ತೊಂದರೆಗಳೂ ಸೇರಿದ್ದು, ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರಕಾರಿ ಮತ್ತು ಅನುದಾನಿತ ಶಾಲೆಗಳವರನ್ನು ಒಂದು ಬಾರಿ ನೋಡಬೇಕೆಂದಿದೆ. ಏರ್ಪಾಡು ಒಳ್ಳೆಯದೇ. ಆದರೆ ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತ ಮಕ್ಕಳ ಬಾಯಲ್ಲಿ ದೊಡ್ಡ ಗುಳಿಗಳು ಕಂಡಾವೇ ಹೊರತು, ಒಣಗಿಸಿ ನೋಡಬೇಕಾದ ಬಿಳಿಮಚ್ಚೆಗಳು ಕಾಣವು. ನಗರದ ಖಾಸಗಿ ಶಿಶುವಿಹಾರಗಳಿಗೆ ಹೋಗುವ ಮಕ್ಕಳು ಈ ಲೆಕ್ಕದ ಹೊರಗೇ ಉಳಿಯುತ್ತಾರೆ.

ಇತ್ತ ಮಂಗಳೂರಾದರೋ ದಂತವೈದ್ಯಶಿಕ್ಷಣಕ್ಕೆ ಹೆಸರಾದ ಊರು. ದೇರಳಕಟ್ಟೆಯಲ್ಲಿ 1985ರಲ್ಲಿ ಎ. ಬಿ. ಶೆಟ್ಟಿ ಸ್ಮಾರಕ ದಂತವಿಜ್ಞಾನ ಸಂಸ್ಥೆ, ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ 1987ರಲ್ಲಿ ಮಣಿಪಾಲ ದಂತವಿಜ್ಞಾನ ಕಾಲೇಜು ಸ್ಥಾಪನೆಯಾದುವು. ತರುವಾಯ ಬೇರೆ ಕಾಲೇಜುಗಳೂ ಬಂದುವು. ಇಂಥ ಕಾಲೇಜುಗಳಲ್ಲಿ ಮಕ್ಕಳ ಹಲ್ಲುಗಳಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟು ಸಮೀಪದಲ್ಲಿ ಇಷ್ಟು ಸೌಕರ್ಯವಿದ್ದೂ, ಮಗು ಮೊದಲ ಬಾರಿ ಆ ಕುರ್ಚಿಯನ್ನು ಏರುವುದು ಕೆನ್ನೆ ಊದಿಕೊಂಡ ದಿನವೇ ಆಗಬೇಕೇ?

ವಿದ್ಯಾರ್ಥಿಗಳಾದ ನಿಮ್ಮ ಮನೆಯಲ್ಲಿ ಐದಾರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಈ ಬೇಸಗೆಯ ರಜೆಯಲ್ಲಿ ನೀವೇ ಒಂದು ಪರೀಕ್ಷೆ ಮಾಡಬಹುದು. ಬೆಳಕಿಗೆ ಮುಖಮಾಡಿ ಕೂರಿಸಿ, ಟಾರ್ಚು ಹಿಡಿದು, ಕೆಳದವಡೆಯ ನಡುವಿನಿಂದ ಹಿಂದಕ್ಕೆ ಎಣಿಸಿರಿ. ಬಿದ್ದ ಹಲ್ಲಿನ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಐದಕ್ಕೆ ನಿಂತರೆ ಇನ್ನೂ ಸಮಯವಿದೆ. ಆರನೆಯದೊಂದು, ಒಸಡಿನ ಅಂಚಿನಿಂದ ಅರ್ಧ ಮಾತ್ರ ತಲೆಯೆತ್ತಿದ್ದರೂ ಸರಿ, ಕಂಡಿತೆಂದರೆ ಅದೇ ಈ ಹಲ್ಲು. ಬ್ರಷ್ಷನ್ನು ಅಡ್ಡಲಾಗಿ ತಿರುಗಿಸಿ ಅದರ ತಲೆಯ ಮೇಲೆಯೇ ಉಜ್ಜಬೇಕು, ಮತ್ತು ಶಾಲೆ ತೆರೆಯುವ ಮೊದಲು ವೈದ್ಯರಿಗೆ ತೋರಿಸಬೇಕು.