ಎಂ.ಆರ್. ದ್ರವದಲ್ಲಿ ನ್ಯಾನೋ ಕಣಗಳು: ಗುಣವೂ ವೆಚ್ಚವೂ

ಅಯಸ್ಕಾಂತದ ಪ್ರಭಾವಕ್ಕೆ ಒಳಗಾದೊಡನೆ ಗಟ್ಟಿಯಾಗಿ, ಆ ಪ್ರಭಾವ ಹೋದೊಡನೆ ಮತ್ತೆ ತೆಳುವಾಗುವ ದ್ರವವನ್ನು ಮ್ಯಾಗ್ನೆಟೋರಿಯಾಲಜಿಕಲ್ ದ್ರವ, ಸಂಕ್ಷಿಪ್ತವಾಗಿ ಎಂ.ಆರ್. ದ್ರವ, ಎನ್ನುತ್ತಾರೆ. ಅಮೆರಿಕದ ಜೇಕಬ್ ರಾಬಿನೋ ಅವರು 1940ರ ದಶಕದ ಕೊನೆಯಲ್ಲಿ ಇದನ್ನು ಕ್ಲಚ್ಚಿನಲ್ಲಿ ಬಳಸಿ ತೋರಿಸಿದರು. 2002ರಲ್ಲಿ ಕ್ಯಾಡಿಲಾಕ್ ಸೆವಿಲ್ ಕಾರಿನ ಶಾಕ್ ಅಬ್ಸಾರ್ಬರಿನಲ್ಲಿ ಇದು ಮಾರುಕಟ್ಟೆಗೆ ಬಂದಿತು. ಡ್ಯಾಂಪರ್, ಬ್ರೇಕ್, ಕ್ಲಚ್ಚುಗಳ ಬಿಡಿಭಾಗ ತಯಾರಿಸುವವರು ಇದರ ಗುಣದೋಷಗಳನ್ನು ಅರಿತಿರುವುದು ಒಳಿತು.

ಮೂಲ ತೊಡಕು

ಈ ದ್ರವದಲ್ಲಿ ಎಣ್ಣೆಯೊಡನೆ, ಗಾತ್ರದಲ್ಲಿ ಸುಮಾರು ಶೇ. 20ರಿಂದ 40ರಷ್ಟು, ಕಾರ್ಬೊನಿಲ್ ಕಬ್ಬಿಣದ ಪುಡಿ ಇರುತ್ತದೆ. ಕಣಗಳ ವ್ಯಾಸ 1ರಿಂದ 10 ಮೈಕ್ರಾನ್. ಕಾಂತಕ್ಷೇತ್ರ ಬಿದ್ದ ಕೆಲವೇ ಮಿಲಿಸೆಕೆಂಡುಗಳಲ್ಲಿ ಕಣಗಳು ಸರಪಳಿಯಂತೆ ಜೋಡಣೆಗೊಂಡು ಹರಿವನ್ನು ತಡೆಯುತ್ತವೆ. ಆದರೆ ಕಬ್ಬಿಣ ನೀರಿಗಿಂತ ಸುಮಾರು 7.8 ಪಟ್ಟು ಭಾರ. ಖನಿಜ ತೈಲವು ನೀರಿಗಿಂತಲೂ ಹಗುರ. ಆದುದರಿಂದ ಯಂತ್ರ ನಿಂತಿದ್ದಾಗ ಪುಡಿ ತಳ ಸೇರಿ ಹೆಪ್ಪುಗಟ್ಟುತ್ತದೆ.

ನ್ಯಾನೋ ಕಣಗಳ ಪಾತ್ರ

ಕಣದ ವ್ಯಾಸವು ಹತ್ತನೆಯ ಒಂದಂಶಕ್ಕೆ ಇಳಿದರೆ, ಅದು ತಳ ಸೇರುವ ವೇಗ ನೂರನೆಯ ಒಂದಂಶಕ್ಕೆ ಇಳಿಯುತ್ತದೆ. ಹಾಗೆಂದು ಎಲ್ಲ ಪುಡಿಯನ್ನೂ ನ್ಯಾನೋ ಗಾತ್ರಕ್ಕೆ ಇಳಿಸಿದರೆ ದ್ರವದ ಬಿಗಿ ಕುಗ್ಗುತ್ತದೆ. ಆದಕಾರಣ ದೊಡ್ಡ ಕಣಗಳನ್ನು ಉಳಿಸಿಕೊಂಡು ಅಲ್ಪ ಪ್ರಮಾಣದ ನ್ಯಾನೋ ಕಣಗಳನ್ನು ಬೆರೆಸುವುದು ರೂಢಿ. ಸಿಲಿಕಾದ ಸೂಕ್ಷ್ಮ ಪುಡಿಯು ಎಣ್ಣೆಯಲ್ಲಿ ಬಲೆಯಂತೆ ಹಬ್ಬಿ ಕಬ್ಬಿಣವನ್ನು ಎತ್ತಿ ಹಿಡಿಯುತ್ತದೆ. ಅಲುಗಿಸಿದಾಗ ಆ ಬಲೆ ಸಡಿಲಗೊಳ್ಳುತ್ತದೆ. ಮ್ಯಾಗ್ನೆಟೈಟ್ ನ್ಯಾನೋ ಕಣಗಳು ಕಬ್ಬಿಣದ ಕಣಗಳ ಸುತ್ತ ನೆರೆದು ಅವು ಒಂದಕ್ಕೊಂದು ಅಂಟದಂತೆ ಕಾಯುತ್ತವೆ. ಮಿತಿಮೀರಿ ಬೆರೆಸಿದರೆ, ಕಾಂತಕ್ಷೇತ್ರವಿಲ್ಲದಿರುವಾಗಲೂ ದ್ರವ ಮಂದವಾಗಿ ಯಂತ್ರಕ್ಕೆ ಹೊರೆಯಾಗುತ್ತದೆ.

ಲೆಕ್ಕದ ದೃಷ್ಟಿ

ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸೋಣ. ಮಾರಾಟವಾದ 100 ಡ್ಯಾಂಪರುಗಳಲ್ಲಿ 8 ಖಾತರಿ ಅವಧಿಯಲ್ಲೇ ಹಿಂದಿರುಗುತ್ತವೆ. ಪ್ರತಿಯೊಂದರ ಬದಲಾವಣೆಗೆ ರೂ. 6,000 ತಗಲುತ್ತದೆ. ನಷ್ಟ ರೂ. 48,000. ನ್ಯಾನೋ ಕಣ ಬೆರೆಸಿದ ಮೇಲೆ 3 ಮಾತ್ರ ಹಿಂದಿರುಗಿದರೆ ನಷ್ಟ ರೂ. 18,000, ಉಳಿತಾಯ ರೂ. 30,000. ಅಂದರೆ ಪ್ರತಿ ಡ್ಯಾಂಪರಿಗೆ ತಗಲುವ ಹೆಚ್ಚುವರಿ ವೆಚ್ಚ ರೂ. 300ಕ್ಕಿಂತ ಕಡಿಮೆಯಿದ್ದರೆ ಲಾಭ, ಮೀರಿದರೆ ನಷ್ಟ. ಈ ಗಡಿಯನ್ನು ಮೊದಲೇ ಗುರುತಿಸಿಕೊಳ್ಳದೆ ದುಬಾರಿ ದ್ರವವನ್ನು ಕೊಳ್ಳುವುದಾಗಲಿ, ಅಗ್ಗದ್ದೆಂದು ಹಳೆಯದನ್ನೇ ಮುಂದುವರಿಸುವುದಾಗಲಿ ವಿವೇಕವಲ್ಲ.

ಲೆಕ್ಕಪತ್ರಗಳಲ್ಲಿ ಮೂರು ಅಂಶಗಳು ಮುಖ್ಯ. ಒಂದು, ತಳದಲ್ಲಿ ಗಟ್ಟಿಯಾಗಿ ಮತ್ತೆ ಬೆರೆಯದ ದಾಸ್ತಾನನ್ನು ಕೊಂಡ ಬೆಲೆಗೇ ತೋರಿಸುವಂತಿಲ್ಲ. ಲೆಕ್ಕಪತ್ರ ಮಾನಕ 2ರ ಪ್ರಕಾರ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನು ತೋರಿಸಬೇಕು. ಎರಡು, ಖಾತರಿಯ ಹೊಣೆಗೆ ಮಾನಕ 29ರಂತೆ ಮುಂಚಿತವಾಗಿ ಹಣ ತೆಗೆದಿರಿಸಿ ತೋರಿಸಬೇಕು. ಮೂರು, ಹೊಸ ಮಿಶ್ರಣದ ಸಂಶೋಧನಾ ವೆಚ್ಚವನ್ನು ಮಾನಕ 26ರಂತೆ ಆಯಾ ವರ್ಷದ ಖರ್ಚಿಗೇ ಹಾಕಬೇಕು; ಅಭಿವೃದ್ಧಿ ಹಂತದ ವೆಚ್ಚವನ್ನು, ಅಲ್ಲಿ ವಿಧಿಸಿರುವ ಷರತ್ತುಗಳೆಲ್ಲವೂ ಪೂರೈಸಿದಾಗ ಮಾತ್ರ, ಆಸ್ತಿಯಾಗಿ ತೋರಿಸಬಹುದು.

ಕೊಳ್ಳುವ ಮುನ್ನ

ಮಾರಾಟಗಾರರಿಂದ ಮೂರು ಪರೀಕ್ಷೆಗಳ ಫಲಿತಾಂಶವನ್ನು ಲಿಖಿತವಾಗಿ ಪಡೆಯಿರಿ: ನಿಗದಿತ ದಿನಗಳ ಬಳಿಕ ಮೇಲೆ ಉಳಿಯುವ ತಿಳಿ ಎಣ್ಣೆಯ ಪ್ರಮಾಣ, ಕುಲುಕಿದಾಗ ಪುಡಿ ಮತ್ತೆ ಬೆರೆಯುವ ಬಗೆ, ಕಾಂತಕ್ಷೇತ್ರ ಇರುವಾಗ ಮತ್ತು ಇಲ್ಲದಿರುವಾಗಿನ ದ್ರವದ ಬಿಗಿ. ‘ನ್ಯಾನೋ’ ಎಂಬ ಹೆಸರಿಗಲ್ಲ, ಈ ಅಂಕಿಗಳಿಗೆ ಬೆಲೆ ತೆರುವುದೇ ಜಾಣತನ.